ಚಿ. ಸೌ. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಇವರಿಗೆ

ಮಕ್ಕಳೇ,

ನಾನು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಕ್ಷೇಮ. ಬಸ್ಸು ನಿಂತು ತುಂಬಾ ಹೊತ್ತಾಯಿತು, ಡ್ರೈವರ್ ಎಂಜಿನ್ನನ್ನೂ ಆರಿಸಿದ್ದಾನೆ. ಬಿಡುವಿದೆಯಲ್ಲ ಅಂತ ಈ ಕಾಗದ.

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು ಎದ್ದದ್ದು 1983ರಲ್ಲಂತೆ. ಆಗಲೇ ಹುಟ್ಟಿದ್ದರೆ ಈಗ ನಿಮಗೂ ತಲೆ ನರೆಯುತ್ತಿತ್ತು. ಕೇಂದ್ರ ಸಂಪುಟ ಒಪ್ಪಿದ್ದು 2020ರ ಅಕ್ಟೋಬರಿನಲ್ಲಿ: ನಾಲ್ಕು ದಾರಿ, 148 ಕಿ.ಮೀ., 15,767 ಕೋಟಿ ರೂಪಾಯಿ. 2022ರ ಜೂನ್ 20ರಂದು ಪ್ರಧಾನಿಯವರೇ ಬಂದು ಶಂಕುಸ್ಥಾಪನೆ ಮಾಡಿ, ನಲವತ್ತು ವರ್ಷದಲ್ಲಿ ಆಗದ್ದನ್ನು ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆ ಎಂದರು. ನಾನು ಕ್ಯಾಲೆಂಡರ್ ಹಿಡಿದು ಎಣಿಸಿದೆ. ಲೆಕ್ಕ ಬಂದು ನಿಂತದ್ದು 2025ರ ಅಕ್ಟೋಬರ್ 20ಕ್ಕೆ, ನರಕ ಚತುರ್ದಶಿಯ ದಿನಕ್ಕೆ. ಬೆಳಗ್ಗೆ ಎದ್ದು ಎಣ್ಣೆನೀರು ಹಾಕಿಕೊಂಡು ಕಾದೆ. ನರಕಾಸುರ ಸತ್ತ, ನೀವು ಬರಲಿಲ್ಲ.

ಬೇಜಾರಿಲ್ಲ. ಆ ನಾಲ್ಕು ದಾರಿಗೆ ನಿಮ್ಮ ಹೆಸರಿಟ್ಟವರ ರಸಿಕತೆಗೆ ಕೈ ಮುಗಿಯಬೇಕು. ಮಲ್ಲಿಗೆಯನ್ನು ನಾವು ಮೊಳದ ಲೆಕ್ಕದಲ್ಲಿ ಕೊಳ್ಳುವವರು; ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗಿನ ಹಳಿಯೂ ಮೊಳ ಮೊಳವಾಗಿಯೇ ಸಾಗುತ್ತಿದೆ. ಪಾರಿಜಾತವಂತೂ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವ ಹೂವು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಯಾವುದೋ ರಾತ್ರಿ ಓಡಿ, ನಾವು ಏಳುವ ಮೊದಲೇ ಉದುರಿತೋ ಏನೋ. ಸಂಪಿಗೆ, ನೀನು ದೇವನಹಳ್ಳಿಗೆ ಹೋಗಬೇಕಾದವಳು, ಪಟ್ಟಿಯಲ್ಲಿ ಮೊದಲನೆಯವಳು. ಆದರೆ ಕೆಲಸ ಶುರುವಾದದ್ದು ತಂಗಿ ಮಲ್ಲಿಗೆಯಿಂದ. ಅಕ್ಕನಿಗಿಂತ ಮೊದಲು ತಂಗಿಗೆ ಚಪ್ಪರ ಹಾಕಿದರೆ ಏನಾಗುತ್ತದೋ ಅದೇ ಆಯಿತು.

ನನಗೆ ಬೇಕಾದವಳು ಕನಕ. ಯಲಹಂಕದಲ್ಲಿ ಹತ್ತಿ ಕಾರ್ಮೆಲರಾಂನಲ್ಲಿ ಇಳಿದರೆ ನನ್ನ ಕಚೇರಿ. ಆದರೆ ಜಾಗ ಕೈಗೆ ಬರಲಿಲ್ಲವೆಂದು 2025ರಲ್ಲಿ ಗುತ್ತಿಗೆದಾರರು ನಿನ್ನಿಂದಲೂ ಮಲ್ಲಿಗೆಯಿಂದಲೂ ಕೈ ತೊಳೆದುಕೊಂಡರು. ಉಡುಪಿಯಲ್ಲಿ ಕನಕನಿಗಾಗಿ ದೇವಸ್ಥಾನದ ಗೋಡೆಯೇ ಬಿರಿದು ಕಿಂಡಿಯಾಯಿತಂತೆ. ಇಲ್ಲಿ ನಮ್ಮ ಕನಕಳಿಗೆ ಒಂದು ಗುಂಟೆ ಬಿಡುವವರಿಲ್ಲ.

ನಿಮಗೊಬ್ಬ ದಾಯಾದಿಯಿದ್ದಾನೆ, ಪೆರಿಫೆರಲ್ ರಿಂಗ್ ರೋಡ್. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಸುಮಾರು 73 ಕಿ.ಮೀ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದನ್ನು ಕೇಳಿದ್ದೀರಿ. ಈ ಕೂಸಿಗೆ ಹುಟ್ಟುವ ಮುಂಚೆ ಎರಡು ಸಲ ನಾಮಕರಣವೂ ಆಗಿದೆ. ಈಗಿನ ಹೆಸರು ಬೆಂಗಳೂರು ಬಿಸಿನೆಸ್ ಕಾರಿಡಾರ್. ನಗುವುದು ಇಲ್ಲಿಗೆ ಸಾಕು. 2005ರಲ್ಲಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ, 2007ರಲ್ಲಿ ಅಂತಿಮ ಅಧಿಸೂಚನೆ. ಅಂದಿನಿಂದ ಆ ದಾರಿಯ ರೈತರು ಹೊಲ ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ. ಪರಿಹಾರ ಹಳೆಯ ಕಾಯ್ದೆಯ ಪ್ರಕಾರವೋ 2013ರ ಕಾಯ್ದೆಯ ಪ್ರಕಾರವೋ ಎಂಬ ಜಗಳದಲ್ಲೇ ಒಂದು ತಲೆಮಾರು ಕಳೆಯಿತು. ಹೆಸರು ಬದಲಾದದ್ದು ರಸ್ತೆಗೆ, ಅವರ ಪಹಣಿಗಲ್ಲ.

ಈಗ ಹೊಸ ಸುದ್ದಿ ಕೇಳಿ. ಭೂಮಿಯ ಮೇಲೆ ಜಾಗ ಸಾಲದೆಂದು ಸರ್ಕಾರ ಪಾತಾಳಕ್ಕೆ ಇಳಿಯಲಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ, ಉದ್ದ 17 ಕಿ.ಮೀ. ಕೂಡ ಇಲ್ಲ, ಅಂದಾಜು 17,000 ಕೋಟಿಗೂ ಮೇಲೆ. ನಿಮ್ಮ ನಾಲ್ವರ ಒಟ್ಟು ಖರ್ಚಿಗಿಂತ ಜಾಸ್ತಿ. ಬೇರೆ ಬೇರೆ ವರ್ಷದ ಲೆಕ್ಕ, ಹೋಲಿಸಬಾರದು ಎನ್ನುವವರಿದ್ದಾರೆ. ಸರಿ, ನಿಮ್ಮ ಖರ್ಚನ್ನು ದುಪ್ಪಟ್ಟೇ ಹಿಡಿಯೋಣ. ಆಗಲೂ ಕಿಲೋಮೀಟರಿಗೆ ಸುರಂಗಕ್ಕೆ ಬೀಳುವುದು ನಿಮ್ಮ ನಾಲ್ಕು ಪಟ್ಟಿಗೂ ಹೆಚ್ಚು ದುಡ್ಡು. ಊರಿನ ವಾಹನಗಳ ಸಂಖ್ಯೆ ಆಗಲೇ ಕೋಟಿ ದಾಟಿದೆ. ಮೇಲೆ ನಿಂತ ಕಾರುಗಳು ಇನ್ನು ಮುಂದೆ ಕೆಳಗೂ ನಿಲ್ಲಬಹುದು. ಬಿಸಿಲಿನ ಕಾಟವಿರುವುದಿಲ್ಲ, ಅದೊಂದು ಅನುಕೂಲ.

ದೊಡ್ಡವರಿಗೆ ನನ್ನದೊಂದೇ ಅರಿಕೆ ತಲುಪಿಸಿ. ಯಲಹಂಕದಿಂದ ಹೊಸೂರಿನ ಕಡೆಗೆ ಹಳಿ ಈಗಲೇ ಇದೆ. ನೀವು ಸಿಂಗಾರ ಮಾಡಿಕೊಂಡು ಬರುವತನಕ ಅದರ ಮೇಲೆ ಬೆಳಗ್ಗೆ ಸಂಜೆ ಇನ್ನಷ್ಟು ಮೆಮು ರೈಲು ಬಿಡಲಿ. ಅದಕ್ಕೆ ಹೂವಿನ ಹೆಸರು ಬೇಡ, ನಂಬರ್ ಸಾಕು.

ಇಂತಿ ನಿಮ್ಮ ದಾರಿ ಕಾಯುತ್ತಿರುವ,
ಯಲಹಂಕದ ಪಾಸುದಾರ

ವಿ.ಸೂ.: ಉತ್ತರ ಬರೆದರೆ ಅಂಚೆಯಲ್ಲೇ ಕಳಿಸಿ. ಕೈಯಲ್ಲಿ ಕೊಟ್ಟು ಕಳಿಸಿದರೆ ತರುವವನೂ ಹೆಬ್ಬಾಳದ ಮೇಲೆಯೇ ಬರಬೇಕು.