ಆಟ ಆಡಿಸುವ ಮುತ್ತ್ಯಾ

ಬಸವಕಲ್ಯಾಣದ ನಿಲ್ದಾಣದಲ್ಲಿ ಹುಮನಾಬಾದ ಬಸ್ಸಿಗೆ ಕಾಯುವವರ ನಡುವೆ ಈ ಮುತ್ತ್ಯಾನನ್ನು ಗುರುತಿಸುವುದು ಸುಲಭ. ಬಿಳಿ ಧೋತರ, ಗಾಂಧಿ ಟೋಪಿ, ಜೇಬಿನಲ್ಲಿ ಸೀಮೆಸುಣ್ಣ. ಸರ್ಕಾರಿ ಕಚೇರಿಯಲ್ಲಿ ಫೈಲು ಕಟ್ಟಿ ನಿವೃತ್ತರಾದವರು; ಈಗ ಮಗಳ ಮಗನಿಗೆ ಅಕ್ಷರ ಕಲಿಸಲು ವಾರವಾರ ಹುಮನಾಬಾದಿಗೆ ಹೊರಡುತ್ತಾರೆ. ಇಂಥವರು ಓಣಿಗೊಬ್ಬರಿದ್ದಾರೆ. "ಹೊಡದು ಕಲಸೋ ಕಾಲ ಹೋಯ್ತ್ರಿ, ಈಗೇನಿದ್ರೂ ಆಡ್ಕೋತ ಕಲೀಬೇಕು" ಎಂದು ಕಂಡಕ್ಟರಿಗೂ ಹೇಳುತ್ತಾರೆ. ದನಿ ಮಾತ್ರ ಹೊಡೆಯುವ ಕಾಲದ್ದೇ.

ಅವರ ಆಟಗಳಿಗೆ ನಿಯಮ ಬಹಳ. ಪರಾತದಲ್ಲಿ ಜೋಳದ ಹಿಟ್ಟು ಹರಡಿ ಬೆರಳಿನಿಂದ ಬರೆಸುತ್ತಾರೆ. ಹಿಟ್ಟು ಊದಬಾರದು, ನಗಬಾರದು. ಅಕ್ಷರ ಜೋಡಿಸಲು ಹುಣಸೆಬೀಜ ಎಣಿಸಿ ಕೊಡುತ್ತಾರೆ, ಎಣಿಸಿಯೇ ವಾಪಸು ಪಡೆಯುತ್ತಾರೆ. ಕುಂಟಬಿಲ್ಲೆಯ ಮನೆಗಳಲ್ಲಿ ಸ್ವರ ಬರೆದು "ಆಡು" ಅನ್ನುತ್ತಾರೆ, ಹುಡುಗ ಖುಷಿಯಿಂದ ಕುಪ್ಪಳಿಸಿದನೋ, "ಬರೇ ಆಟಾನೇ ಆಡ್ಲತ್ತಿದಿ ಏನ?" ಎಂದು ಗದರುತ್ತಾರೆ.

ಮೊಮ್ಮಗ ಸರ್ಕಾರಿ ಶಾಲೆಯ ಒಂದನೇ ತರಗತಿ ಸೇರಿದಾಗ ನಿಜವಾದ ಆಘಾತ ಬಂತು.

"ಅ ಬರಿ ನೋಡಾಮ."

"ಇನ್ನಾ ಬಂದಿಲ್ಲ ಮುತ್ತ್ಯಾ. ರ, ಗ, ಸ, ದ ಆದಮ್ಯಾಲ ಅ."

'ಅ' ಐದನೇ ಸ್ಥಾನಕ್ಕೆ ಇಳಿದದ್ದು ಕೇಳಿ, ಯಾರೋ ಕಚೇರಿಯ ಜ್ಯೇಷ್ಠತಾ ಪಟ್ಟಿಯನ್ನೇ ತಿದ್ದಿದಂತೆ ಮುತ್ತ್ಯಾ ಚಡಪಡಿಸಿದರು. ನೇರ ಶಾಲೆಗೆ ಹೋದರು. ಮೇಡಂ ಸಮಾಧಾನದಿಂದಲೇ ತಿಳಿಸಿದರು: ಇದು ನಲಿ-ಕಲಿ. ಬರೆಯಲು ಸುಲಭವಾದ ಅಕ್ಷರಗಳು ಮೊದಲು. 'ರ' ತಿದ್ದಿದ ಕೈಗೆ 'ಗ' ಕಷ್ಟವಲ್ಲ. ಐದೇ ಅಕ್ಷರ ಬಂದರೂ ಸರ, ಅರಸ, ಅಗಸ, ಗರಗಸ ಎಂದು ಮಗು ಪದಗಳನ್ನೇ ಓದುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009-10ರಲ್ಲಿ ರಾಜ್ಯಕ್ಕೆಲ್ಲ ಬಂದ ಪದ್ಧತಿ.

"ಅದು ಮೈಸೂರ ಕಡಿದ್ರಿ. ಇದು ಕಲ್ಯಾಣ!" ಎಂದು ಎದ್ದು ಬಂದರು.

ರಜೆಗೆ ಹುಡುಗನನ್ನು ಕರೆದುಕೊಂಡು ಹೊರಟಾಗ ಬಸ್ಸಿನ ಬೋರ್ಡು ಓದಿಸಿದರು. 'ಬಸವಕಲ್ಯಾಣ'ದಲ್ಲಿ ಅವನು "ಸ!" ಎಂದು ಕೂಗಿದ, 'ಹುಮನಾಬಾದ'ದಲ್ಲಿ "ದ!" ಎಂದ. "ಊರಿಗಿ ನಡುವಿಂದ, ಹಿಂದಿಂದ ಹೋಗ್ತಾರೇನೋ?" ಎಂದು ಮುತ್ತ್ಯಾ ಸಿಟ್ಟಾದರು. ಸಸ್ತಾಪುರ ಬಂಗ್ಲಾ ಬರುವಷ್ಟರಲ್ಲಿ ಇಡೀ ಬಸ್ಸು ಕಿಟಕಿಯಾಚೆ 'ಸ' ಹುಡುಕುತ್ತಿತ್ತು. ಮುತ್ತ್ಯಾ ಒಬ್ಬರೇ 'ಅ' ಹುಡುಕುತ್ತಿದ್ದರು.

ನಲಿ-ಕಲಿಯಲ್ಲಿ ಮಕ್ಕಳಿಗೆ ಐದು ಗುಂಪು, ಐದು ತಟ್ಟೆ: ಶಿಕ್ಷಕರ ಪೂರ್ತಿ ನೆರವು ಬೇಕಾದವರಿಂದ ಹಿಡಿದು ತಾವೇ ಕಲಿಯಬಲ್ಲವರವರೆಗೆ. ಮನೆಗೆ ಬಂದವನೇ ಹುಡುಗ ಊಟದ ತಟ್ಟೆಗಳನ್ನು ಸಾಲಾಗಿಟ್ಟು ಶಾಲೆಯಾಟ ಹೂಡಿದ. ಆಯಿಯನ್ನು ಕೊನೆಯ ತಟ್ಟೆಗೆ ಕಳಿಸಿ, ಮುತ್ತ್ಯಾನ ಕೈ ಹಿಡಿದು ಮೊದಲನೆಯದರ ಮುಂದೆ ಕೂರಿಸಿದ.

"ನಂಗ್ಯಾಕೋ ಪೂರಾ ನೆರವು? ನಲವತ್ತೊಂಬತ್ತೂ ಅಕ್ಷರ ಬರ್ತಾವ!"

"ಅಕ್ಷರ ಬರ್ತಾವ ಮುತ್ತ್ಯಾ, ನಿಂಗ ಆಡ್ಲಾಕ ಬರಲ್ಲ."