ಅರವತ್ತಾದವನಿಗೆ ಹೊಸ ಡ್ಯೂಟಿ

ಆನೆಗೂ ಅರವತ್ತಕ್ಕೆ ನಿವೃತ್ತಿ ಅಂತ ತಿಳಿದಾಗ ನನಗೆ ಸರ್ಕಾರದ ಮೇಲೆ ಗೌರವ ಉಕ್ಕಿತ್ತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ 750 ಕೆ.ಜಿ. ಅಂಬಾರಿ ಹೊತ್ತ ಅರ್ಜುನನಿಗೆ ವಯಸ್ಸಾಯಿತು, ಇನ್ನು ಬೆನ್ನ ಮೇಲೆ ಭಾರ ಬೇಡ ಎಂದರು. ಎಂಥ ಕರುಣೆ! ಅದೇ ಕರುಣೆಯಿಂದ ಅವನನ್ನು ನಮ್ಮ ಸಕಲೇಶಪುರ ಸೀಮೆಯ ಯಸಳೂರು ಕಾಡಿಗೆ ಕರೆತಂದು, ಕಾಡಾನೆ ಹಿಡಿಯಲು ನಿಲ್ಲಿಸಿದರು. ಮೈಸೂರಿನ ಟಾರು ರಸ್ತೆಯಲ್ಲಿ ಮೆಲ್ಲಗೆ ಹೆಜ್ಜೆ ಹಾಕಲು ಮುದುಕ. ಮದವೇರಿದ ಸಲಗದ ಕೊಂಬಿಗೆ ಎದೆ ಕೊಡಲು ಹದಿಹರೆಯದವನು. 2023ರ ಡಿಸೆಂಬರ್ 4ರಂದು ದಬ್ಬಳ್ಳಿಯ ಕಾಡಿನಲ್ಲಿ ಅರ್ಜುನ ಸತ್ತ.

ಆಮೇಲೆ ನೋಡಿ ಮರ್ಯಾದೆ! ಹೂವಿನ ಹಾರ, ಪೂಜೆ, ಸರ್ಕಾರಿ ಗೌರವ, ಸ್ಮಾರಕದ ಘೋಷಣೆ. ಸಮಾಧಿ ಎಲ್ಲಿರಬೇಕು ಅಂತ ಜಗಳವೂ ಆಯಿತು. ಬದುಕಿದ್ದಾಗ ಅವನನ್ನು ಎಲ್ಲಿ ಬಿಡಬೇಕು ಅಂತ ಯಾರೂ ಇಷ್ಟು ಕಾಳಜಿಯಿಂದ ಜಗಳವಾಡಿದ್ದು ನಾನು ಕೇಳಿಲ್ಲ.

ಕಾಡಾನೆ ಗದ್ದೆ ತುಳಿದಾಗಿನ ಸಂಕಟ ಗೊತ್ತಿಲ್ಲದೆ ಇದನ್ನು ಬರೆಯುತ್ತಿಲ್ಲ. ಬೆಳಗಿನ ಮಂಜಿನಲ್ಲಿ ಕಾಫಿ ತೋಟಕ್ಕೆ ಹೊರಟ ಕೂಲಿಯವರು ಸಂಜೆ ಮನೆಗೆ ಬರದ ದಿನಗಳೂ ಇಲ್ಲಿವೆ. ಅರ್ಜುನ ಸತ್ತ ವರ್ಷವೇ ಆಗಸ್ಟ್ ಕೊನೆಗೆ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಿಸಲೆಂದು ಅರಿವಳಿಕೆ ಕೋವಿ ಹಿಡಿದು ಹೋದ 'ಆನೆ ವೆಂಕಟೇಶ್' ಆಲೂರು ತಾಲ್ಲೂಕಿನಲ್ಲಿ ಅದೇ ಆನೆಯ ಕಾಲಡಿ ಪ್ರಾಣ ಬಿಟ್ಟರು. ಕೊಲ್ಲಲು ಹೋದವರಲ್ಲ, ಗಾಯ ಮಾಯಿಸಲು ಹೋದವರು.

ಆನೆಗೆ ಸತ್ತ ಮೇಲಾದರೂ ಮರ್ಯಾದೆ ಸಿಕ್ಕಿತು. ಕೋತಿಗಳಿಗೆ ಅಂಬಾರಿಯೂ ಇಲ್ಲ, ಸ್ಮಾರಕವೂ ಇಲ್ಲ. ಶನಿವಾರ ಹನುಮಪ್ಪನಿಗೆ ವಡೆಹಾರ ಹಾಕುವ ನಾವು, ಭಾನುವಾರ ಬಾಳೆಗೊನೆ ಮುರಿದವನನ್ನು ಹನುಮಪ್ಪನ ವಂಶ ಎಂದು ಒಪ್ಪುವುದಿಲ್ಲ. 2021ರ ಜುಲೈ ಕೊನೆಯಲ್ಲಿ ನಮ್ಮ ಜಿಲ್ಲೆಯ ಚೌಡನಹಳ್ಳಿ ಬಳಿ ರಸ್ತೆಬದಿ ಗೋಣಿಚೀಲಗಳು ಬಿದ್ದಿದ್ದವು. ಬಾಯಿ ಬಿಗಿದ ಚೀಲ. ಕಾಫಿಯಲ್ಲ, ಮೆಣಸಲ್ಲ, ಒಳಗೆ ಕೋತಿಗಳು. 38 ಸತ್ತಿದ್ದವು. ಹೈಕೋರ್ಟು ತಾನಾಗಿಯೇ ಕೇಸು ಕೈಗೆತ್ತಿಕೊಂಡಿತು. 1972ರ ವನ್ಯಜೀವಿ ಕಾಯ್ದೆ ಆಗಲೂ ಜಾರಿಯಲ್ಲಿತ್ತು. ಬಹುಶಃ ಆ ರಾತ್ರಿ ಅದಕ್ಕೂ ನಿದ್ದೆ ಹತ್ತಿತ್ತು.

ಚೀಲ ಬಿಚ್ಚಿದ್ದು ಊರಿನ ಹುಡುಗರು. ಕೆಲವು ಕೋತಿಗಳಲ್ಲಿ ಇನ್ನೂ ಉಸಿರಿತ್ತು; ಎದ್ದು ಕೂರಲಾಗದೆ ವಾಲುತ್ತಿದ್ದವು. ಹುಡುಗರು ಅವುಗಳನ್ನು ಒರಗಿಸಿಕೊಂಡು ಬಾಯಿಗೆ ನೀರು ಬಿಟ್ಟರು. ಆ ನೀರಿಗೆ ಯಾರೂ ಟೆಂಡರು ಕರೆದಿರಲಿಲ್ಲ.