ಇವರೊಬ್ಬರಿಗೆ ಟಿಕೆಟ್ ಬೇಡ

ಮೂರೂ ಪಕ್ಷಗಳ ಮಾನ್ಯ ಟಿಕೆಟ್ ಹಂಚಿಕೆ ಸಮಿತಿಯವರಿಗೆ,

ಕೆಳಗೆ ಸಹಿ ಮಾಡಲಿರುವ ಮತದಾರರ ಬಹಿರಂಗ ಅರ್ಜಿ.

2028ರ ವಿಧಾನಸಭಾ ಚುನಾವಣೆಗೆ ಇನ್ನೂ ಕಾಲವಿದೆ ಎಂದು ಸಮಿತಿಯವರಿಗೆ ಅನ್ನಿಸಬಹುದು. ಕ್ಷೇತ್ರದ ಫ್ಲೆಕ್ಸ್ ಅಂಗಡಿಗಳಿಗೆ ಹಾಗನ್ನಿಸಿಲ್ಲ. ಗಣೇಶನ ಹಬ್ಬದಿಂದ ಹೊಸ ವರ್ಷದವರೆಗೆ ಶುಭಾಶಯ ಕೋರುವ ಆಕಾಂಕ್ಷಿಗಳ ನಗುಮುಖಗಳು ಕರೆಂಟ್ ಕಂಬಗಳಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಹತ್ತಿ ಕೂತಿವೆ. ಇಷ್ಟರ ನಡುವೆ ಒಂದು ಫ್ಲೆಕ್ಸನ್ನೂ ಹಾಕಿಸದ ಮನುಷ್ಯರೊಬ್ಬರ ಹೆಸರು ಟಿಕೆಟ್ ಮಾತುಕತೆಯಲ್ಲಿ ಕೇಳಿಬರುತ್ತಿದೆ. ಈ ಅರ್ಜಿಗೆ ಅದೇ ಕಾರಣ. ಹೆಸರು ಬರೆದಿಲ್ಲ. ಇಂಥವರು ತಾಲ್ಲೂಕಿಗೊಬ್ಬರಾದರೂ ಇರುತ್ತಾರಾದ್ದರಿಂದ ಓದುವವರು ತಮ್ಮ ಊರಿನವರ ಹೆಸರು ತುಂಬಿಕೊಳ್ಳಲಿ ಎಂದು ಜಾಗ ಖಾಲಿ ಬಿಟ್ಟಿದೆ.

ಇವರು ವಕೀಲರು. ಹಿಂದೊಮ್ಮೆ ತಾಲ್ಲೂಕು ಪಂಚಾಯಿತಿ ಸದಸ್ಯರಾಗಿದ್ದವರು. ಮೊದಲ ದೂರು ಇವರ ಮಾತಿನ ಮೇಲೆ. ಎದುರು ಪಕ್ಷದವರು ಮಾಡಿಸಿದ ನಾಲೆ ಕೆಲಸ ಹೇಗಿದೆ ಎಂದು ಪತ್ರಕರ್ತರು ಮೈಕ್ ಚಾಚಿ ಕೇಳಿದರೆ, 'ಕೆಲಸ ಚೆನ್ನಾಗಿದೆ, ಕೊನೆಯ ಎರಡು ಕಿಲೋಮೀಟರ್ ಮಾತ್ರ ಕಳಪೆ, ಅಷ್ಟರ ಬಿಲ್ಲು ತಡೆದು ಸರಿಮಾಡಿಸಬೇಕು' ಎಂದರಂತೆ. ಇದನ್ನು ಯಾವ ಚಾನೆಲ್ಲು ಬ್ರೇಕಿಂಗ್ ಮಾಡೀತು? 'ಸಾರ್, ಯಾರಿಗಾದರೂ ಒಂದು ಮಾತು ಬೈಯಿರಿ, ಇಲ್ಲದಿದ್ದರೆ ಡೆಸ್ಕ್‌ನವರು ಹಾಕೋದಿಲ್ಲ' ಎಂದು ಹುಡುಗನೊಬ್ಬ ಕೈಮುಗಿದು ಕೇಳಿಕೊಂಡ. ಅವನಿಗೆ ಕಾಫಿ ತರಿಸಿಕೊಟ್ಟು ಕಳಿಸಿದರು. ರಾಮನವಮಿಯ ಪಾನಕವನ್ನೂ ಕುಡಿಯುತ್ತಾರೆ, ಉರುಸಿಗೂ ಹೋಗುತ್ತಾರೆ. ಎರಡು ಕಡೆಯೂ ಫೋಟೋ ತೆಗೆಸಿಕೊಳ್ಳುವುದಿಲ್ಲ. ಹೀಗಾಗಿ ಎರಡೂ ಕಡೆಯವರಿಗೆ ಇವರು ಇನ್ನೊಂದು ಕಡೆಯವರೆಂಬ ಗುಮಾನಿ ಗಟ್ಟಿಯಾಗಿದೆ.

ಎರಡನೆಯದು ದುಡ್ಡಿನ ವಿಚಾರ. ವಿಧಾನಸಭೆಗೆ ನಿಂತ ಅಭ್ಯರ್ಥಿ ಕರ್ನಾಟಕದಲ್ಲಿ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. 2018ರ ಚುನಾವಣೆಯಲ್ಲಿ ಈ ಮಿತಿ 28 ಲಕ್ಷವಿತ್ತು. ಆಘಾತಕಾರಿ ಸಂಗತಿ ಏನೆಂದರೆ, ಈ ಮನುಷ್ಯರು ಆ ಅಂಕಿಯನ್ನು ನಂಬಿದ್ದಾರೆ. ಒಂದು ಸಂಜೆ ಕಾರ್ಯಕರ್ತರನ್ನು ಕೂರಿಸಿಕೊಂಡು ಲೆಕ್ಕ ಬೇರೆ ಹೇಳಿದರು: 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು, 224 ಕ್ಷೇತ್ರಕ್ಕೆ ಹಂಚಿದರೆ ಕ್ಷೇತ್ರಕ್ಕೆ ಸುಮಾರು 260, ಒಂದು ಮತಗಟ್ಟೆಗೆ 15 ಸಾವಿರದ ಚಿಲ್ಲರೆ. ಅದರಲ್ಲೇ ಪೆಂಡಾಲು, ಕುರ್ಚಿ, ಆಟೋ, ಬೂತ್ ಏಜೆಂಟರ ಊಟ ಎಲ್ಲ ಮುಗಿಯಬೇಕು. ಚಹಾಕ್ಕೆ ಎಷ್ಟು, ಶಾಮಿಯಾನಕ್ಕೆ ಎಷ್ಟು ಎಂದು ಜಿಲ್ಲಾ ಚುನಾವಣಾಧಿಕಾರಿಗಳು ನಿಗದಿ ಮಾಡುವ ದರಪಟ್ಟಿಯನ್ನು ಜೇಬಿನಿಂದ ತೆಗೆದು ಓದಿದರು. ಹಿಂದಿನ ಸಾಲಿನಲ್ಲಿದ್ದ ಹಿರಿಯ ಕಾರ್ಯಕರ್ತರೊಬ್ಬರು 'ಕತ್ತಲ ರಾತ್ರಿಯ ದರ ಈ ಪಟ್ಟಿಯ ಯಾವ ಪುಟದಲ್ಲಿದೆ?' ಎಂದು ಕೇಳಿದಾಗ ಸಭೆಗೆ ಸ್ವಲ್ಪ ಜೀವ ಬಂತು. ಇವರು ಮಾತ್ರ ಪುಟ ತಿರುವಿ ಹುಡುಕತೊಡಗಿದರು!

ಸಮಿತಿಯವರಿಗೆ ವಾಸ್ತವ ಗೊತ್ತಿದೆ. 2018ರ ಚುನಾವಣೆ ವೇಳೆ ರಾಜ್ಯದಲ್ಲಿ ಸಿಕ್ಕಿಬಿದ್ದ ನಗದು, ಮದ್ಯ, ಚಿನ್ನ, ಉಡುಗೊರೆಗಳ ಬೆಲೆ ಸುಮಾರು 84 ಕೋಟಿ ಎಂದು ಚುನಾವಣಾ ಆಯೋಗ ಹೇಳಿತ್ತು. 2023ರಲ್ಲಿ ಅದು 375 ಕೋಟಿ ದಾಟಿತು. ಇದು ಸಿಕ್ಕಿಬಿದ್ದದ್ದು ಮಾತ್ರ. ಸಿಗದೆ ಮನೆಮನೆ ಸೇರಿದ್ದಕ್ಕೆ ರಸೀದಿ ಇಲ್ಲ. ಕಾನೂನೂ ಉದಾರವಾಗಿದೆ, ಮಿತಿ ಅಭ್ಯರ್ಥಿಯ ಖರ್ಚಿಗೆ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಇಷ್ಟು ದೊಡ್ಡ ಬಾಗಿಲು ತೆರೆದಿಟ್ಟಿದ್ದರೂ ಕಿಟಕಿಯಲ್ಲೇ ನುಸುಳುತ್ತೇನೆ ಎನ್ನುವವರನ್ನು ಏನು ಮಾಡುವುದು? 2023ರ ಟಿಕೆಟ್ಟಿಗೆ ಅರ್ಜಿ ಹಾಕಿದವರಿಂದಲೇ ಕಾಂಗ್ರೆಸ್ ಪಕ್ಷ 2 ಲಕ್ಷ ರೂಪಾಯಿ ಡಿಡಿ ಪಡೆದಿತ್ತು, ಪರಿಶಿಷ್ಟ ಜಾತಿ, ಪಂಗಡದವರಿಗೆ 1 ಲಕ್ಷ. ಚುನಾವಣಾ ಆಯೋಗವೇ ಕೇಳುವ ಠೇವಣಿ ಮಾತ್ರ 10 ಸಾವಿರ. ಅರ್ಜಿಗೇ ಇಷ್ಟಾದರೆ ಗೆಲುವಿಗೆ ಎಷ್ಟೆಂದು ಇವರಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಹೆಸರು ತೆಗೆದರೆ ಇವರಿಗೆ ಮೈಮೇಲೆ ಬಂದಂತಾಗುತ್ತದೆ. 1952ರಲ್ಲಿ ಸಾಗರ-ಹೊಸನಗರದಲ್ಲಿ ಗೌಡರು ಗೆದ್ದಾಗ ಇನ್ನೂ ಮೂವತ್ತು ತುಂಬಿರಲಿಲ್ಲ, ಗೇಣಿದಾರರ ಕಾಗೋಡು ಹೋರಾಟದ ಕಾವು ಆರಿರಲಿಲ್ಲ, ಓಟು ಹಾಕುವವರೇ ನೋಟನ್ನೂ ಕೊಟ್ಟು ಗೆಲ್ಲಿಸಿದರು ಎಂದು ಊರೂರಲ್ಲಿ ಹೇಳುತ್ತಾರೆ. ಇದೆಲ್ಲ ಕೇಳಲು ಇಂಪಾಗಿದೆ. ಗೋಪಾಲಗೌಡರು ಇವರಂತೆ ಮೆತ್ತಗಿನ ಮನುಷ್ಯರಲ್ಲ, ಸದನವನ್ನು ನಡುಗಿಸುತ್ತಿದ್ದವರು ಎಂಬುದು ಬೇರೆ ಮಾತು. ಅರ್ಜಿದಾರರ ನಿಲುವು ಸ್ಪಷ್ಟ. ನೋಟು ಒಂದು ದಿಕ್ಕಿನಲ್ಲಿ ಹರಿದು ಅಭ್ಯಾಸವಾಗಿದೆ. ಅದನ್ನು ತಿರುಗಿಸುವ ಪ್ರಯೋಗಕ್ಕೆ ಈ ಕ್ಷೇತ್ರ ಸಿದ್ಧವಿಲ್ಲ.

ಮೂರನೇ ದೂರು ಇನ್ನೂ ಗಂಭೀರ. ಗೆದ್ದರೆ ವಿಧಾನಸಭೆಗೆ ಹೋಗುತ್ತಾರಂತೆ. ಹೋಗಿ ಕೂರುತ್ತಾರಂತೆ! ವರ್ಷಕ್ಕೆ ಕನಿಷ್ಠ 60 ದಿನ ಸದನ ನಡೆಯಬೇಕೆಂದು ಕರ್ನಾಟಕ 2005ರಲ್ಲೇ ಕಾನೂನು ಮಾಡಿಕೊಂಡಿದೆ. ಅದನ್ನು ಪಾಲಿಸಿದ ವರ್ಷಗಳನ್ನು ಹುಡುಕುವುದು ಕಷ್ಟ. ಅಂಥ ಕಾನೂನಿನ ಜೆರಾಕ್ಸ್ ಇಟ್ಟುಕೊಂಡು ಓಡಾಡುವವರು ಮಸೂದೆ ಓದುತ್ತಾರೆ, ತಿದ್ದುಪಡಿ ಸೂಚಿಸುತ್ತಾರೆ. ಆಗ ಮದುವೆಗೆ ಬರುವವರು ಯಾರು? ಗೃಹಪ್ರವೇಶ, ತಿಥಿ, ಬೀಗರೂಟ, ಕ್ರಿಕೆಟ್ ಟೂರ್ನಿಯ ಉದ್ಘಾಟನೆ? ಶಿಕ್ಷಕರ ವರ್ಗಾವಣೆ ಪತ್ರಕ್ಕೆ ಸಹಿ? ಶಾಸಕರ ವರ್ಷದ ಪ್ರದೇಶಾಭಿವೃದ್ಧಿ ನಿಧಿಯಾದ 2 ಕೋಟಿಯಲ್ಲಿ ಸಮುದಾಯ ಭವನದ ಮೇಲೆ ಇನ್ನೊಂದು ಸಮುದಾಯ ಭವನ ಕಟ್ಟುವ ಬದಲು ಹೋಬಳಿ ಆಸ್ಪತ್ರೆಯ ಶೌಚಾಲಯಕ್ಕೆ ಹಾಕುತ್ತೇನೆ ಎಂದಿದ್ದಾರೆ. ಶೌಚಾಲಯದ ಮೇಲೆ ಯಾವ ಜಾತಿಯ ಹೆಸರು ಬರೆಸುವುದು?

ಇವರು ಪಕ್ಷಕ್ಕೂ ಉಪಯೋಗವಿಲ್ಲದವರು. 2019ರಲ್ಲಿ 17 ಶಾಸಕರು ತಿರುಗಿಬಿದ್ದು ಸಮ್ಮಿಶ್ರ ಸರ್ಕಾರ ಬಿತ್ತು, ಅವರು ಅನರ್ಹರಾದರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 5ರಂದು 15 ಕಡೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಹೊಸ ಪಕ್ಷದಿಂದ ನಿಂತ 13 ಅನರ್ಹರಲ್ಲಿ 11 ಮಂದಿ ಮತ್ತೆ ಶಾಸಕರಾದರು. ನಿಂತಲ್ಲೇ ನಿಲ್ಲುವುದರಿಂದ ಏನೂ ಗಿಟ್ಟುವುದಿಲ್ಲ ಎಂದು ಮತದಾರರೇ ಸಾರಿ ಹೇಳಿದ್ದಾಯಿತು. ಇವರಿಗೆ ರೆಸಾರ್ಟಿನ ಊಟ ಒಗ್ಗುವುದಿಲ್ಲ, ಮನೆಯ ಮುದ್ದೆ ಸೊಪ್ಪಿನ ಸಾರೇ ಬೇಕು. ಸರ್ಕಾರ ಅಲುಗಾಡುವ ರಾತ್ರಿ ಬಸ್ಸು ಹತ್ತದ ಶಾಸಕರನ್ನು ಇಟ್ಟುಕೊಂಡು ಯಾವ ಹೈಕಮಾಂಡ್ ನಿದ್ದೆ ಮಾಡೀತು?

ಆದರೂ ಒಂದು ಭಯವಿದೆ, ಅದನ್ನು ಮುಚ್ಚಿಡುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಸೋತವರ ಕಾರಿನ ಚಾಲಕನಿಗೆ ಅಂದು ಓಟು ಹಾಕಲು ಬಿಡುವೇ ಸಿಗಲಿಲ್ಲ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. 2023ರಲ್ಲಿ ಜಯನಗರದಲ್ಲಿ ಮರುಎಣಿಕೆಯ ಗದ್ದಲವೆಲ್ಲ ಮುಗಿದಾಗ ಸಿ.ಕೆ. ರಾಮಮೂರ್ತಿ ಗೆದ್ದದ್ದು 16 ಮತಗಳಿಂದ. ನಮ್ಮ ವಕೀಲರ ಬಳಿ ಕಾರಿಲ್ಲ. ಇದ್ದಿದ್ದರೆ ಚಾಲಕನನ್ನು ಬೆಳಗ್ಗೆ ಏಳಕ್ಕೇ ಮತಗಟ್ಟೆಗೆ ಕಳಿಸಿ ತಾವು ಬಸ್ಸಿನಲ್ಲಿ ಬರುತ್ತಿದ್ದರು. ಯಾರಿಗೂ ಬೈಯದೆ, ಯಾರಿಗೂ ಹಂಚದೆ ನಿಂತವರಿಗೂ ಅಲ್ಲೊಂದು ಇಲ್ಲೊಂದು ಓಟು ಬಿದ್ದು ಅವು ಒಟ್ಟುಗೂಡುವ ಅಪಾಯ ಇದ್ದೇ ಇದೆ. ಅರ್ಜಿದಾರರ ಮನೆಗಳಲ್ಲೇ ಕೆಲವು ಹೆಂಗಸರು 'ಒಂದು ಸಲ ಕೊಟ್ಟು ನೋಡೋಣ' ಎನ್ನುವುದು ಕೇಳಿಸಿದೆ. ಅವರಿಗೆ ತಿಳಿಹೇಳುವ ಪ್ರಯತ್ನ ಸಾಗಿದೆ, ಫಲ ಕಂಡಿಲ್ಲ.

ಆದ್ದರಿಂದ ಸಮಿತಿಯವರು ಈ ಕ್ಷೇತ್ರಕ್ಕೆ ಜೋರು ಗಂಟಲಿನ, ಧಾರಾಳ ಕೈಯ, ಯಾವ ಬಸ್ಸಿಗಾದರೂ ಹತ್ತಬಲ್ಲ ಅಭ್ಯರ್ಥಿಯನ್ನೇ ದಯಪಾಲಿಸಬೇಕಾಗಿ ವಿನಂತಿ. ಐದು ವರ್ಷ ಅವರನ್ನು ಬೈದುಕೊಂಡು ಇರಲು ಮತದಾರರಿಗೆ ಯಾವ ಅಭ್ಯಂತರವೂ ಇಲ್ಲ.

ಇಂತಿ,
ಕ್ಷೇತ್ರದ ಸಮಸ್ತ ಮತದಾರರು

ವಿ.ಸೂ.: ಸಹಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಕಳಿಸಲಾಗುವುದು. ಒಂದು ಸಹಿಗೆ ಎಷ್ಟು ಎಂದು ಕೇಳಿದವರ ಜೊತೆ ಮಾತುಕತೆ ನಡೆಯುತ್ತಿರುವುದರಿಂದ ತುಸು ತಡವಾಗಿದೆ.